ಮಂದಕ್ಕನ ಬಲಗೈ ಗವಸು

ನಮ್ಮ ಊರಿನ ಹೆಂಗಸರು ಒಲೆಯ ಮೇಲೆ ಹಾಲಿಟ್ಟು ಧೈರ್ಯವಾಗಿ ಅಂಗಳಕ್ಕೆ ಹೋಗುತ್ತಿದ್ದರು. ವಾಮನರಾಯರ ವಿಮಾನ ಸುಣ್ಣದ ಗುಡ್ಡದ ಕಡೆಯಿಂದ ಬಂದು, ತಲೆಯ ಮೇಲೆ ಹಾದು, ಹತ್ತಿ ಗಿರಣಿಯ ಚಿಮಣಿಯನ್ನು ಬಳಸಿ ಮತ್ತೆ ಗುಡ್ಡದ ಹಿಂದೆ ಮರೆಯಾಗುವಷ್ಟರಲ್ಲಿ ಹಾಲು ಉಕ್ಕಲು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅನ್ನಕ್ಕೆ ಎರಡು ಸುತ್ತು, ಬೇಳೆಗೆ ಮೂರು. ಹೊಸದಾಗಿ ಬಂದ ಸೊಸೆಯರು ಮೊದಮೊದಲು ಆ ಸದ್ದಿಗೆ ಬೆಚ್ಚಿ ಬೀಳುತ್ತಿದ್ದರು. ವಾರ ಕಳೆಯುವುದರೊಳಗೆ ಅವರೇ ಸೊಂಟದ ಮೇಲೆ ಕೈಯಿಟ್ಟು, 'ಇವತ್ಯಾಕೋ ತಡಾ ಆತಲ್ಲ' ಎಂದು ಮುಗಿಲು ನೋಡುತ್ತಿದ್ದರು.

ನನಗೆ ಇನ್ನೂ ಮೀಸೆ ಮೂಡದಿದ್ದಾಗ ಶುರುವಾದ ಆ ಸುತ್ತಾಟ ನನ್ನ ಮೀಸೆ ನರೆತ ಮೇಲೂ ನಡೆದೇ ಇತ್ತು. ಅಷ್ಟು ಕಾಲ ಎಣ್ಣೆ ಹೇಗೆ ಸಾಕಾಯಿತು, ಆ ಮನುಷ್ಯ ಊಟಕ್ಕೇನು ಮಾಡುತ್ತಾನೆ ಎಂದು ಪರವೂರಿನವರು ಕೇಳುತ್ತಿದ್ದರು. ಅಂಥ ಪ್ರಶ್ನೆ ಕೇಳುವವರಿಗೆ ಬಿಸಿಲು ತಾಗಿದೆಯೆಂದು ತಿಳಿದು ನಾವು ಚಹಾ ಕುಡಿಸಿ ಕಳಿಸುತ್ತಿದ್ದೆವು. ಚಹಾ ಕೊಡುತ್ತಿದ್ದವನು ನಾನೇ. ನನ್ನ ಹೆಸರು ಮಲ್ಲೇಶಿ, ವಿಮಾನದ ಬಯಲಿನಲ್ಲಿ ಅಪ್ಪನ ಕಾಲದಿಂದಲೂ ನಮ್ಮದೊಂದು ಚಹಾದಂಗಡಿ ಇತ್ತು.

ವಿಮಾನ ಹಳೆಯ ಕಾಲದ್ದು. ಒಂದರ ಮೇಲೊಂದು ಎರಡು ರೆಕ್ಕೆ, ಮರದ ಚೌಕಟ್ಟಿಗೆ ಬಿಗಿದ ಬಟ್ಟೆ, ಮೂತಿಗೆ ಮರದ ದೊಡ್ಡ ಪಂಖಾ. ಅಷ್ಟು ಕಾಲ ಸುತ್ತಿದ ಮೇಲೆ ಏನಾದರೊಂದು ಉದುರಲೇಬೇಕಲ್ಲ. ಒಬ್ಬರ ಅಂಗಳದಲ್ಲಿ ಹಿತ್ತಾಳೆಯ ಸ್ಕ್ರೂ ಸಿಗುತ್ತಿತ್ತು, ಇನ್ನೊಬ್ಬರ ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳದ ನಡುವೆ ಅಂಗೈ ಅಗಲದ ರೆಕ್ಕೆಯ ಬಟ್ಟೆ. ಚೇರ್ಮನ್ ಸಂಗನಬಸಪ್ಪನವರ ಮಗಳ ಮದುವೆಯಲ್ಲಿ ಸಾರಿನ ಕೊಳಗಕ್ಕೆ ಒಂದು ನಟ್ಟು ಬಿದ್ದಾಗ ಬೀಗರು ಅದನ್ನು ಶುಭವೆಂದೇ ತಿಳಿದು, ತೊಳೆದು, ಅರಿಸಿನ ಹಚ್ಚಿ ತಮ್ಮೂರಿಗೆ ಒಯ್ದರು. ಎಂಜಿನ್ನು ಹರಳೆಣ್ಣೆ ಕುಡಿಯುವ ಜಾತಿಯದು, ಸುತ್ತಿಗೊಮ್ಮೆ ಎರಡು ಹನಿ ಕೆಳಗೆ ಸಿಡಿಸುತ್ತಿತ್ತು. ತಾಯಂದಿರು ಅದನ್ನು 'ರಾಯರ ಎಣ್ಣಿ' ಎಂದು ಕರೆದು ಕೂಸುಗಳ ನೆತ್ತಿಗೆ ತಟ್ಟುತ್ತಿದ್ದರು. ದೇವರ ಜಗಲಿಯ ಮೇಲೆ ಆ ವಿಮಾನದ ಒಂದು ತುಣುಕಿಲ್ಲದ ಮನೆ ನಮ್ಮಲ್ಲಿ ಇರಲಿಲ್ಲ.

ಇದು ಶುರುವಾದದ್ದು ಹೇಗೆಂದು ಹೇಳಬೇಕು. ವಾಮನರಾಯರು ಟಪಾಲಿನ ವಿಮಾನ ಹಾರಿಸುತ್ತಿದ್ದರು. ಬೆಳಿಗ್ಗೆ ಹೋದರೆ ಸಂಜೆಗೆ ವಾಪಸು. ಬಯಲಿನಲ್ಲಿ ಅವರನ್ನು ಕಳಿಸಿಕೊಡುವುದಕ್ಕೂ ಬರಮಾಡಿಕೊಳ್ಳುವುದಕ್ಕೂ ಇದ್ದವಳು ಒಬ್ಬಳೇ, ಅವರ ಹೆಂಡತಿ ಮಂದಾಕಿನಿ. ಊರಿಗೆಲ್ಲ ಅವಳು ಮಂದಕ್ಕ. ಆ ವಿಮಾನದ ಎಂಜಿನ್ನು ತಾನಾಗಿ ಶುರುವಾಗುತ್ತಿರಲಿಲ್ಲ. ಯಾರಾದರೂ ಎದುರಿಗೆ ನಿಂತು ಪಂಖಾವನ್ನು ಕೈಯಿಂದ ಬಲವಾಗಿ ಎಳೆದು ತಿರುಗಿಸಿ, ತಟ್ಟನೆ ಹಿಂದೆ ಜಿಗಿಯಬೇಕು. ಮಂದಕ್ಕ ಕಚ್ಚೆ ಹಾಕಿ, ಬಲಗೈಗೆ ಚರ್ಮದ ಗವಸು ತೊಟ್ಟು ಆ ಕೆಲಸ ಮಾಡುತ್ತಿದ್ದಳು. ಗಂಡಸರೇ ಹೆದರುವ ಕೆಲಸ ಅದು. ಸಂಜೆ ವಿಮಾನ ಇಳಿದು ನಿಂತಾಗ ಅವಳ ಮುಖ ಕಾಣುವವರೆಗೆ ರಾಯರು ಎಂಜಿನ್ನು ಆರಿಸುತ್ತಿರಲಿಲ್ಲ. ಊರಿನ ಪಡ್ಡೆಗಳು, 'ಹೆಂಡತಿ ಮುಖಾ ನೋಡದ ರಾಯರ ಎದಿ ಬಡಿತ ನಿಲ್ಲೂದಿಲ್ಲ' ಎಂದು ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದರು. ಮಂದಕ್ಕನೂ ನಗುತ್ತಿದ್ದಳು, ಆಗ ಅವಳಿಗೆ ಇಪ್ಪತ್ತರ ಆಸುಪಾಸು.

ಒಂದು ದಿನ ರಾಯರು ಮೊದಲ ಸಲ ಸಮುದ್ರದ ಕಡೆಯ ದೊಡ್ಡ ಊರಿಗೆ ಹೋಗಿ ಬರುವವರಿದ್ದರು. ಅಷ್ಟು ದೂರ ನಮ್ಮವರು ಯಾರೂ ಹೋಗಿರಲಿಲ್ಲ. ಸಂಜೆ ಅವರನ್ನು ಬರಮಾಡಿಕೊಳ್ಳಲು ಇಡೀ ಊರು ಹಾರ ತುರಾಯಿ, ಭಜಂತ್ರಿ ಸಮೇತ ಬಯಲಿಗೆ ಇಳಿಯಿತು. ವಿಮಾನ ಬಂತು. ನಮ್ಮ ತಲೆ ತಾಗುವಷ್ಟು ಕೆಳಗೆ ಬಂದು, ಮತ್ತೆ ಮೇಲೇರಿ ಒಂದು ಸುತ್ತು ಹಾಕಿತು. 'ಅಗೋ, ನಮಗ ನಮಸ್ಕಾರ ಮಾಡಿದ್ರು!' ಎಂದು ಜನ ರುಮಾಲು ಬಿಚ್ಚಿ ಬೀಸಿದರು. ಎರಡನೆಯ ಸಲ ಇನ್ನೂ ಕೆಳಗೆ ಬಂದಾಗ ಇನ್ನೂ ಜೋರಾಗಿ ಬೀಸಿದರು. ರೆಕ್ಕೆ ಅಲ್ಲಾಡಿಸಿದಾಗ ಭಜಂತ್ರಿಯವರು ಊದಿ ಊದಿ ಗಲ್ಲ ನೋಯಿಸಿಕೊಂಡರು. ಹೀಗೇ ಸುತ್ತುತ್ತ ಸುತ್ತುತ್ತ ಕತ್ತಲಾಯಿತು. 'ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು? ಇವತ್ತಿಲ್ಲಂದ್ರ ನಾಳೆ ಇಳೀತಾರ' ಎಂದ ನಮ್ಮಪ್ಪ. ಜನ ಪಾಳಿ ಹಚ್ಚಿಕೊಂಡು ಮನೆಗೆ ಹೋಗಿ ಉಂಡು ಬಂದರು. ರಾಯರು ಇಳಿದಾಗ ಬಯಲಿನಲ್ಲಿ ಒಬ್ಬರೂ ಇಲ್ಲದಿದ್ದರೆ ಊರಿನ ಮರ್ಯಾದೆ ಏನಾಗಬೇಕು?

ಆ ಬಯಲು ಆಮೇಲೆ ಒಂದು ಗಳಿಗೆಯೂ ಖಾಲಿಯಾಗಲಿಲ್ಲ. ಮಂದಕ್ಕ ಊರೊಳಗಿನ ಮನೆ ಬಿಟ್ಟು, ವಿಮಾನದ ಗಾಲಿ ಬಂದು ನಿಲ್ಲುತ್ತಿದ್ದ ಜಾಗದಲ್ಲೇ ಒಂದು ಗುಡಿಸಲು ಹಾಕಿಕೊಂಡಳು. ಇಳಿದ ಕೂಡಲೇ ಎದುರಿಗೆ ಇರಬೇಕೆಂಬುದು ಅವಳ ಆಸೆ. ಅವಳೊಬ್ಬಳೇ ಇರುವುದು ಸರಿಯಲ್ಲವೆಂದು ಅಕ್ಕಪಕ್ಕದಲ್ಲಿ ಎರಡು ಸಂಸಾರ ಬಂದವು. ಕಾಯುವವರಿಗೆ ಚಹಾ ಬೇಕು, ಚಹಾಕ್ಕೆ ಒಲೆ ಬೇಕು, ಒಲೆಗೆ ಗಾಳಿ ತಡೆಯುವ ಗೋಡೆ ಬೇಕು. ಅಪ್ಪನ ಅಂಗಡಿ ಎದ್ದದ್ದು ಹಾಗೆ. ಅದರ ಬೆನ್ನಿಗೆ ಕಿರಾಣಿ, ಕ್ಷೌರದಂಗಡಿ, ಸೈಕಲ್ ರಿಪೇರಿ, ಕೊನೆಗೆ ಒಂದು ಹಿಟ್ಟಿನ ಗಿರಣಿಯೂ ಬಂತು. ಗುಡಿಸಲು ಹೋಗಿ ತಗಡಾಯಿತು, ತಗಡು ಹೋಗಿ ಕಲ್ಲಾಯಿತು. ಜನ ಅದನ್ನು ಕಾಯೋ ಓಣಿ ಎಂದು ಕರೆದರು. ಇಷ್ಟೆಲ್ಲ ರಾಯರ ಮೇಲಿನ ಪ್ರೀತಿಯಿಂದಲೇ ಆದದ್ದು, ಅದರಲ್ಲಿ ಸುಳ್ಳಿಲ್ಲ.

ಮಂದಕ್ಕ ಸುತ್ತಿಗೊಮ್ಮೆ ಹೊರಗೆ ಬಂದು ಗವಸಿನ ಕೈಯೆತ್ತಿ ಬೀಸುತ್ತಿದ್ದಳು. ಕೈಯಲ್ಲಿ ರೊಟ್ಟಿಯ ಹಿಟ್ಟಿದ್ದರೂ ಬರುತ್ತಿದ್ದಳು, ಜ್ವರ ಬಂದರೂ ಬರುತ್ತಿದ್ದಳು. ನಾವು ನೋಡನೋಡುತ್ತಿದ್ದಂತೆ ಅವಳ ಬೆನ್ನು ಬಾಗಿತು. ಒಮ್ಮೆ ನನ್ನ ಹೆಂಡತಿ ನೀಲವ್ವ, 'ಇಳಿದ ಮ್ಯಾಲ ರಾಯರಿಗೆ ನಿಮ್ಮ ಗುರ್ತು ಸಿಗತೈತೇನ್ರಿ ಅಕ್ಕಾರ?' ಎಂದು ಬಾಯಿತಪ್ಪಿ ಕೇಳಿಬಿಟ್ಟಳು. ಮಂದಕ್ಕ ಸಿಟ್ಟಾಗಲಿಲ್ಲ. 'ಮ್ಯಾಲಿಂದ ನೋಡೋರಿಗೆ ನೆತ್ತಿ ಅಷ್ಟ ಕಾಣೂದವ್ವ. ನನ್ನ ಕೂದಲ ಬೆಳ್ಳಗಾದದ್ದು ನನಗಿಂತ ಮೊದಲ ಅವರಿಗೇ ಗೊತ್ತಾಗಿರತೈತಿ' ಎಂದಳು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಕ್ಯಾಪ್ಟನ್ ತಮ್ಮಯ್ಯ ಎಂಬವರು ನಮ್ಮ ಊರಿಗೆ ಬಂದರು. ಜೀವಮಾನವೆಲ್ಲ ವಿಮಾನ ಹಾರಿಸಿ ನಿವೃತ್ತರಾದವರು. ಹಳೆಯ ವಿಮಾನಗಳ ಸಾಮಾನು ಕೂಡಿಡುವ ಹುಚ್ಚು ಅವರಿಗೆ. ಮನೆಯ ತುಂಬ ಎತ್ತರ ತೋರಿಸುವ ಗಡಿಯಾರಗಳು, ಮುರಿದ ಪಂಖಾಗಳು, ಸತ್ತ ಪೈಲಟ್ಟರ ಟೋಪಿಗಳು ಇವೆಯೆಂದೂ, ಹೆಂಡತಿಗೆ ಕಾಲಿಡಲು ಜಾಗವಿಲ್ಲವೆಂದೂ ಅವರೇ ಹೇಳಿಕೊಂಡರು. ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರೂ ಅವರ ಕಣ್ಣು ಓಣಿಯ ಆ ತುದಿಯಿಂದ ಈ ತುದಿಗೆ ಅಳೆಯುತ್ತಿತ್ತು.

'ಏನ್ ನೋಡಾಕತ್ತೀರಿ ಸಾಹೇಬ್ರ?' ಎಂದೆ.

'ಅಭ್ಯಾಸ ಕಣಪ್ಪ. ಎಲ್ಲಿಗೆ ಹೋದ್ರೂ ಮೊದಲು ನೋಡೋದು, ಎಂಜಿನ್ ಕೈಕೊಟ್ರೆ ಇಲ್ಲಿ ಎಲ್ಲಿ ಇಳೀಬಹುದು ಅಂತ. ನಮ್ಮ ಮದುವೇಲಿ ತಾಳಿ ಕಟ್ಟೋ ಹೊತ್ತಿಗೆ ಛತ್ರದ ಹಿಂದಿನ ಗದ್ದೆ ಕಡೆ ನೋಡ್ತಾ ನಿಂತಿದ್ದೆ. ನನ್ನ ಹೆಂಡತಿ ಇವತ್ತಿಗೂ ಅದನ್ನ ಎತ್ತಿ ಆಡ್ತಾಳೆ.'

'ಮತ್ತ ನಮ್ಮೂರಾಗ ಎಲ್ಲೆ ಇಳೀಬಹುದ್ರಿ?'

'ನಿಮ್ಮೂರಲ್ಲಿ ಎಲ್ಲೂ ಆಗಲ್ಲ. ಸುತ್ತಲೂ ಬರೀ ಸುಣ್ಣದ ಹಳ್ಳ. ಸಮ ಇರೋದು ಇದೊಂದೇ ಪಟ್ಟಿ, ಇದರ ಮೇಲೆ ನೀವು ಕೂತಿದೀರಲ್ಲ' ಎಂದು ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ವಿಮಾನ ಬಂತು. ಕ್ಯಾಪ್ಟನ್ನರು ಲೋಟ ಕೆಳಗಿಟ್ಟು, ಎದ್ದು ನಿಂತು, ತಲೆಯ ಟೋಪಿ ತೆಗೆದರು. ಅದು ಚಿಮಣಿ ದಾಟಿ ಹೋದ ಮೇಲೂ ತುಂಬ ಹೊತ್ತು ಕುಳಿತುಕೊಳ್ಳಲಿಲ್ಲ.

ಅವರನ್ನು ಮಂದಕ್ಕನ ಮನೆಗೆ ಕರೆದುಕೊಂಡು ಹೋದವನು ನಾನು. ಮಂದಕ್ಕ ಟ್ರಂಕು ತೆರೆದು ರಾಯರು ಮನೆಯಲ್ಲಿ ಬಿಟ್ಟುಹೋಗಿದ್ದ ಹಳೆಯ ಸಾಮಾನನ್ನು ಒಂದೊಂದಾಗಿ ತೋರಿಸಿದಳು. ಕಿವಿ ಮುಚ್ಚುವ ಚರ್ಮದ ಟೋಪಿ, ಒಂದು ಜೊತೆ ಗಾಳಿ ಕನ್ನಡಕ, ಬಟ್ಟೆಯ ಮೇಲೆ ಬರೆದ ನಕಾಶೆ, ಅಂಗೈಯಷ್ಟು ದಿಕ್ಸೂಚಿ. ಕ್ಯಾಪ್ಟನ್ನರು ಒಂದೊಂದನ್ನೂ ಬಾಣಂತಿಯ ಕೈಯಿಂದ ಕೂಸನ್ನು ಇಸಿದುಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡರು. ನಕಾಶೆಯ ಮೇಲೆ ಪೆನ್ಸಿಲಿನ ಸಣ್ಣ ಸಣ್ಣ ಗುರುತುಗಳಿದ್ದವು, ಊರುಗಳ ಹೆಸರಲ್ಲ.

'ನೋಡಿದ್ರಾ?' ಎಂದು ನನಗೆ ತೋರಿಸಿದರು. 'ದಾರಿಯುದ್ದಕ್ಕೂ ಎಲ್ಲೆಲ್ಲಿ ಇಳೀಬಹುದು ಅಂತ ಗುರುತು ಹಾಕ್ಕೊಂಡಿದಾರೆ. ಕೆರೆ ಅಂಗಳ, ಸ್ಮಶಾನ, ಕುಸ್ತಿ ಬಯಲು. ಮೇಲೆ ಹೋದವನಿಗೆ ಊರು ಅಂದ್ರೆ ಇಷ್ಟೇ.'

ಟ್ರಂಕಿನ ಬದಿಯಲ್ಲಿ ಮೊಳೆಗೆ ತೂಗುಹಾಕಿದ್ದ ಗವಸನ್ನು ನೋಡಿ, 'ಇದು ಚಿಕ್ಕದಲ್ವಾ? ಒಂದೇ ಇದೆ' ಎಂದರು.

'ನಂದರಿ ಅದು. ಪಂಖಾ ತಿರುಗಸಾಕ ಹಾಕೊಂತಿದ್ದೆ. ಈಗ ಕೈ ಬೀಸಾಕ ಹಾಕೊಂತೀನಿ.'

'ಓಹೋ, ಕೈಲಿ ತಿರುಗಿಸೋ ಕಾಲದ್ದು! ನಾನು ಹಾರಿಸೋಕೆ ಬರೋ ಹೊತ್ತಿಗೆ ಗುಂಡಿ ಒತ್ತಿದ್ರೆ ಸಾಕಿತ್ತು' ಎಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸವೆದ ಅಂಗೈಯನ್ನು ಹೆಬ್ಬೆರಳಿನಿಂದ ಸವರಿ ಮತ್ತೆ ಮೊಳೆಗೆ ಹಾಕಿದರು.

ಆ ಹೊತ್ತಿಗೆ ಗುಡ್ಡದ ಕಡೆ ಸದ್ದು ಕೇಳಿತು. ಮಂದಕ್ಕ ಮಾತು ಅರ್ಧಕ್ಕೇ ಬಿಟ್ಟು, ಗವಸು ತೊಟ್ಟು ಹೊರಗೆ ಓಡಿದಳು. ಓಣಿಯ ಜನರೂ ಅಭ್ಯಾಸದಂತೆ ಹೊರಗೆ ಬಂದು ಕೈ ಬೀಸಿದರು. ವಿಮಾನ ಕೆಳಗೆ ಬಂತು, ರೆಕ್ಕೆ ಅಲ್ಲಾಡಿಸಿತು, ಮೇಲೇರಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕ್ಯಾಪ್ಟನ್ನರ ಮುಖ ಕಳೆಗುಂದಿದ್ದನ್ನು ನಾನು ಕಂಡೆ.

ಮಂದಕ್ಕ ಒಳಗೆ ಬಂದ ಮೇಲೆ ಅವರು ಮೆಲ್ಲಗೆ ಕೇಳಿದರು. 'ಅಮ್ಮಾ, ಯಾಕೆ ಕೈ ಬೀಸ್ತೀರಿ?'

'ಅವರು ನಮಸ್ಕಾರ ಮಾಡತಾರಲ್ರಿ. ತಿರುಗಿ ಮಾಡಬ್ಯಾಡೇನು?'

ಕ್ಯಾಪ್ಟನ್ನರು ಕುಳಿತರು, ಎದ್ದರು, ಮತ್ತೆ ಕುಳಿತರು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ಮನುಷ್ಯನಿಗೆ ಮೇಲಿರುವವನ ಕಷ್ಟ ಗೊತ್ತಿತ್ತು, ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

'ಅದು ನಮಸ್ಕಾರ ಅಲ್ಲಮ್ಮ. ಇಳಿಯೋ ಜಾಗದಲ್ಲಿ ದನವೋ ಜನವೋ ಇದ್ರೆ ನಾವು ಹಾಗೆ ಕೆಳಗೆ ಬಂದು ಮೇಲೆ ಹೋಗ್ತೀವಿ. ಜಾಗ ಬಿಡಿ, ಇಳೀಬೇಕು ಅಂತ ಹೇಳೋದು ಅದು. ಮೇಲಿಂದ ಮುಖ ಕಾಣಲ್ಲ. ಕೆಳಗಿರೋರು ನಗ್ತಿದಾರೋ ಅಳ್ತಿದಾರೋ, ಬೇಕಾದೋರೋ ಬೇಡದೋರೋ, ಒಂದೂ ಗೊತ್ತಾಗಲ್ಲ. ಜಾಗ ಖಾಲಿ ಇದೆಯಾ ಇಲ್ವಾ, ಅಷ್ಟೇ. ಖಾಲಿ ಇಲ್ಲದ ಕಡೆ ಸತ್ರೂ ಇಳಿಯಲ್ಲ. ಕೆಳಗಿರೋರ ಜೀವ ತೆಗೀಬಾರದು ಅನ್ನೋದು ನಮ್ಮಲ್ಲಿ ಮೊದಲ ಪಾಠ.'

ಮಂದಕ್ಕ ಗವಸಿನ ಕೈಯನ್ನೇ ನೋಡುತ್ತ ನಿಂತಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಹಾರ, ನಮ್ಮ ಭಜಂತ್ರಿ, ನಮ್ಮ ರುಮಾಲು, ಅಪ್ಪನ ಬೆಂಚು, ಎಲ್ಲವೂ ಒಂದೇ ಸಲ ಕಣ್ಣೆದುರು ಬಂದವು.

'ಅಂದ್ರ' ಎಂದಳು ಮಂದಕ್ಕ, 'ಇಷ್ಟು ದಿನಾ ಅವರು ಸರೀರಿ ಸರೀರಿ ಅಂತ ಬೇಡಿಕೊಂಡ್ರು. ನಾ ಅಡ್ಡಾ ನಿಂತು ನಕ್ಕೋತ ಕೈ ಬೀಸಿದೆ.' ಆಮೇಲೆ ಅವಳು ಅತ್ತಳು. ಇಷ್ಟು ವರ್ಷ ಒಮ್ಮೆಯೂ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಚೇರ್ಮನ್ನರ ಮನೆಯ ಪಡಸಾಲೆಯಲ್ಲಿ ಊರು ಸೇರಿತು. ಕ್ಯಾಪ್ಟನ್ನರು ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಜನ ನೆಲ ನೋಡುತ್ತ ಕುಳಿತರು. ಮಂದಕ್ಕ ಎದ್ದು ನಿಂತಳು. 'ಒಮ್ಮೆ ಅವರು ನೆಲಾ ಮುಟ್ಟಲಿ. ನಿಮ್ಮ ಮನಿ ಬಿಚ್ಚರಿ ಅಂತ ಹ್ಯಾಂಗ ಕೇಳಲಿ? ಕೇಳದನ ಹ್ಯಾಂಗ ಇರಲಿ?' ಎಂದಳು. ಚೇರ್ಮನ್ನರು ಗಂಟಲು ಸರಿಮಾಡಿಕೊಂಡು, ಕಾಯೋ ಓಣಿಯಲ್ಲಿ ಈಗ ಎಷ್ಟು ಒಲೆಗಳು ಉರಿಯುತ್ತಿವೆ, ಹಿಟ್ಟಿನ ಗಿರಣಿ ಎತ್ತುವುದು ಎಷ್ಟು ಕಷ್ಟ ಎಂದೆಲ್ಲ ಹೇಳಿದರು. ಇನ್ನೊಬ್ಬರು, ಸದ್ದು ನಿಂತರೆ ಹೆಂಗಸರಿಗೆ ಅಡುಗೆಯ ಲೆಕ್ಕ ತಪ್ಪುತ್ತದೆ ಎಂದರು. ರಾಯರ ಎಣ್ಣೆ ಇಲ್ಲದೆ ಕೂಸುಗಳ ನೆತ್ತಿ ತಂಪಾಗುವುದು ಹೇಗೆಂದು ಒಬ್ಬ ಮುದುಕಿ ಕೇಳಿದಳು. ಏನೂ ತೀರ್ಮಾನವಾಗದೆ ಸಭೆ ಮುಗಿಯಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮನೆ ಕೆಡವಿ ನೋಡು ಎಂದು ಯಾರೂ ಹೇಳಿಲ್ಲ. ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವಾಗ ಮಂದಕ್ಕ ತನ್ನ ಮನೆಯ ಹಂಚು ಇಳಿಸುತ್ತಿದ್ದಳು. ಏಣಿಯ ಮೇಲೆ ನಿಂತು, ಬಾಗಿದ ಬೆನ್ನಿನಲ್ಲಿ, ಒಂದೊಂದೇ. ಮಧ್ಯಾಹ್ನದ ಹೊತ್ತಿಗೆ ನನ್ನ ಕೈಯಲ್ಲಿ ಚಹಾ ಕಾಯಿಸುವುದು ಆಗಲಿಲ್ಲ. ಒಲೆ ಆರಿಸಿ, ಅಪ್ಪ ಕಟ್ಟಿದ ಗೋಡೆಗೆ ಹಾರೆ ಹಾಕಿದೆ. ನೀಲವ್ವ ತಗಡು ಹೊತ್ತಳು. ಆಮೇಲೆ ಕ್ಷೌರದವನು ಕನ್ನಡಿ ಇಳಿಸಿದ, ಸೈಕಲ್ಲಿನವನು ಪಂಪು ಎತ್ತಿಕೊಂಡ. ನಾಚಿಕೆ ಎಂಬುದು ಸಿಡುಬಿನ ಹಾಗೆ, ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಕೊನೆಗೆ ಚೇರ್ಮನ್ನರೇ ಹಿಟ್ಟಿನ ಗಿರಣಿಗೆ ಎತ್ತು ಕಟ್ಟಿಸಿ ಎಳೆಸಿದರು. ಮಳೆಗಾಲಕ್ಕೆ ಮೊದಲು ಓಣಿ ಹೋಗಿ ಮತ್ತೆ ಬಯಲಾಯಿತು. ನಾವೇ ಕಲ್ಲು ಆರಿಸಿ, ತಗ್ಗು ತುಂಬಿ, ಎತ್ತುಗಳಿಂದ ಕಲ್ಲಿನ ಉರುಳೆ ಎಳೆಸಿ ನೆಲ ಸಮ ಮಾಡಿದೆವು. ಅಷ್ಟೂ ದಿನ ಕ್ಯಾಪ್ಟನ್ನರು ಊರು ಬಿಟ್ಟು ಹೋಗಲಿಲ್ಲ. ಪ್ಯಾಂಟು ಮಡಚಿಕೊಂಡು ನಮ್ಮ ಜೊತೆಗೆ ಬುಟ್ಟಿ ಹೊತ್ತರು.

ಕೊನೆಯ ಬುಟ್ಟಿ ಚೆಲ್ಲಿದ ಮೇಲೆ ಕ್ಯಾಪ್ಟನ್ನರು ಎಲ್ಲರನ್ನೂ ಹತ್ತಿ ಗಿರಣಿಯ ಗೋದಾಮಿನೊಳಗೆ ಸೇರಿಸಿದರು. ದನಗಳನ್ನೂ ಒಳಗೆ ಕಟ್ಟಿದ್ದಾಯಿತು. ಬಾಗಿಲು ಹಾಕಿ ಅಗುಳಿ ಜಡಿದು ಒಂದೇ ಮಾತು ಹೇಳಿದರು. 'ಪಂಖಾ ನಿಲ್ಲೋವರೆಗೂ ಒಬ್ಬರೂ ಹೊರಗೆ ತಲೆ ಹಾಕಬಾರದು. ತಿರುಗೋ ಪಂಖಾ ಕಣ್ಣಿಗೆ ಕಾಣಲ್ಲ, ರುಂಡ ಹಾರಿಸಿಬಿಡುತ್ತೆ. ಅವರು ಇಳೀತಾರೆ, ನಿಲ್ತಾರೆ, ಎಂಜಿನ್ ಆರಿಸ್ತಾರೆ. ಪೂರ್ತಿ ನಿಶ್ಶಬ್ದ ಆದ ಮೇಲೆ ಮೊದಲು ಮಂದಾಕಿನಿಯಮ್ಮ ಹೋಗಲಿ. ಆಮೇಲೆ ನಾವು.'

ಮಂದಕ್ಕ ಹತ್ತಿಯ ಅಂಡಿಗೆಯ ಮೇಲೆ ಕುಳಿತಿದ್ದಳು. ಮದುವೆಯ ಹಸಿರು ಸೀರೆ ಉಟ್ಟಿದ್ದಳು. ಗವಸು ತೊಡೆಯ ಮೇಲಿತ್ತು. ನೀಲವ್ವ ಅವಳ ತಲೆಗೆ ಎರಡೆಳೆ ಮಲ್ಲಿಗೆ ಮುಡಿಸಿದಾಗ, 'ಏ ಹುಚ್ಚಿ, ಈ ವಯಸ್ಸಿಗೆ ಯಾಕ ಇದೆಲ್ಲ' ಎಂದಳು, ಆದರೆ ತೆಗೆಯಲಿಲ್ಲ.

ಸದ್ದು ಗುಡ್ಡ ದಾಟಿತು. ಯಾವತ್ತಿನಂತೆ ಕೆಳಗೆ ಬಂತು. ಮೇಲೇರಲಿಲ್ಲ.  ಗಾಲಿ ನೆಲಕ್ಕೆ ತಾಗಿ ಕರಕರ ಎಂದದ್ದು ಕೇಳಿತು, ಓಡಿ ಓಡಿ ನಿಧಾನವಾದದ್ದು ಕೇಳಿತು. ಬಯಲಿನ ನಡುವೆ, ಮಂದಕ್ಕನ ಮನೆ ಇದ್ದಲ್ಲೇ, ಅದು ನಿಂತಿತೆಂದು ಸದ್ದಿನ ಮೇಲೇ ತಿಳಿಯಿತು. ಕ್ಯಾಪ್ಟನ್ನರು ಕಣ್ಣೊರೆಸಿಕೊಂಡು, 'ಏನು ಚೆನ್ನಾಗಿ ಇಳಿಸಿದ ಮಾರಾಯ' ಎಂದರು. ಚೇರ್ಮನ್ನರು ಮಗುವಿನ ಹಾಗೆ ನನ್ನ ಕೈ ಹಿಡಿದುಕೊಂಡರು.

ಎಂಜಿನ್ನು ಮೆಲ್ಲಗೆ ಟಪಟಪ ಎನ್ನುತ್ತಲೇ ಇತ್ತು. 'ಈಗ ಆರಿಸ್ತಾರೆ' ಎಂದರು ಕ್ಯಾಪ್ಟನ್ನರು. ನಾವು ಕಾದೆವು. ಟಪಟಪ. 'ಇಷ್ಟು ವರ್ಷದ ಎಂಜಿನ್ನು, ತಣಿಸಿ ಆರಿಸಬೇಕು' ಎಂದರು. ಮತ್ತೆ ಕಾದೆವು. ಯಾವುದೋ ಕೂಸು ಅಳಲು ಹೋದಾಗ ತಾಯಿ ಬಾಯಿಗೆ ಸೆರಗು ಒತ್ತಿದಳು. ಹೊರಗೆ ಅದೇ ಸದ್ದು, ಬಾಗಿಲಲ್ಲಿ ನಿಂತವರು ಒಳಗಿನವರು ಏಳಲೆಂದು ಬೆರಳಿನಿಂದ ತಟ್ಟುತ್ತಲೇ ಇರುವ ಹಾಗೆ. ಕ್ಯಾಪ್ಟನ್ನರ ಹುಬ್ಬು ಗಂಟಿಕ್ಕಿತು. 'ಯಾಕೆ ಆರಿಸ್ತಿಲ್ಲ ಇವರು?' ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು.

ಮಂದಕ್ಕ ತೊಡೆಯ ಮೇಲಿನ ಗವಸನ್ನು ನೋಡಿದಳು. ತಟ್ಟನೆ ಎದ್ದು ನಿಂತಳು.

'ಅವರು ಆರಸೂದಿಲ್ಲ' ಎಂದಳು. 'ಆರಿಸಿದ್ರ ಮತ್ತ ತಿರುಗಸೋರು ಯಾರು? ಬಯಲಾಗ ಯಾರೂ ಇಲ್ಲಲ್ಲ. ನಾ ಕಂಡ ಮ್ಯಾಲ ಅಲ್ಲೇನ್ರಿ ಅವರು ಆರಸೂದು? ನನ್ನ ಕಾಯಾಕತ್ತಾರ. ತಗೀರಿ, ಬಾಗಲಾ ತಗೀರಿ!'

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತೇವೆ. ಗವಸು ನಮ್ಮೆಲ್ಲರ ಕಣ್ಣೆದುರೇ ಇತ್ತು. ಕ್ಯಾಪ್ಟನ್ನರು ಅದನ್ನು ಕೈಯಲ್ಲಿ ಹಿಡಿದೂ ನೋಡಿದ್ದರು. ಗುಂಡಿ ಒತ್ತುವ ಕಾಲದವರಿಗೆ ಅದು ಬರೀ ಹಳೆಯ ಸಾಮಾನಾಗಿ ಕಂಡಿತ್ತು. ಅವರೂ ನಾನೂ ಒಟ್ಟಿಗೆ ಅಗುಳಿಗೆ ಕೈ ಹಾಕಿದೆವು. ಇಬ್ಬರ ಅವಸರದಲ್ಲಿ ಅದು ಓರೆಯಾಗಿ ಸಿಕ್ಕಿಕೊಂಡಿತು. ಹೊರಗೆ ಸದ್ದು ಒಮ್ಮೆ ಏರಿತು, ಇಳಿಯಿತು, ಮತ್ತೆ ಏರಿತು. ಬಾಗಿಲು ತೆರೆದುಕೊಂಡಾಗ ಬಿಳಿ ಸುಣ್ಣದ ಧೂಳು ನಮ್ಮ ಮುಖಕ್ಕೆ ಹೊಡೆಯಿತು. ಮಂದಕ್ಕ ಆ ಧೂಳಿನೊಳಗೆ ನುಗ್ಗಿ ಓಡಿದಳು. ಗವಸು ತೊಟ್ಟ ಕೈಯನ್ನು ಮೇಲೆತ್ತಿ, 'ಇದ್ದೀನ್ರೀ, ಇಲ್ಲೇ ಇದ್ದೀನ್ರೀ' ಎಂದು ಕೂಗುತ್ತ ಓಡಿದಳು. ವಿಮಾನ ಆಗಲೇ ಬೆನ್ನು ತಿರುಗಿಸಿ ಓಟ ಹಿಡಿದಿತ್ತು. ಓಟ ಹಿಡಿದ ಪೈಲಟ್ಟು ಹಿಂದೆ ನೋಡುವುದಿಲ್ಲ. ಅದು ನೆಲ ಬಿಟ್ಟಿತು, ಚಿಮಣಿಯನ್ನು ಬಳಸಲಿಲ್ಲ, ನೆಟ್ಟಗೆ ಸಮುದ್ರದ ಕಡೆಗೆ ಹೋಯಿತು. ಕಾಣುವವರೆಗೂ ನೋಡಿದೆವು, ಕೇಳುವವರೆಗೂ ಕೇಳಿದೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಯಲಿನ ನಡುವೆ ಗಾಲಿ ನಿಂತ ಗುರುತಿತ್ತು. ಅದರ ಮುಂದೆ ಹಿಟ್ಟು ನಾದುವ ಪರಾತದಷ್ಟು ಅಗಲಕ್ಕೆ ಹರಳೆಣ್ಣೆ ಸುರಿದಿತ್ತು. ಎಷ್ಟು ಹೊತ್ತು ಕಾದಿದ್ದರೆ ಅಷ್ಟು ಎಣ್ಣೆ ಸೋರಬೇಕು! ಕ್ಯಾಪ್ಟನ್ನರು ಅದರ ಪಕ್ಕದಲ್ಲಿ ಮಣ್ಣಿನ ಮೇಲೇ ಕುಳಿತುಬಿಟ್ಟರು.

'ಖಾಲಿ ಜಾಗ ಕಂಡು ಇಳಿದ್ರು' ಎಂದರು. 'ಖಾಲಿ ಊರು ಕಂಡು ಹೋದ್ರು. ನನಗೆ ಗೊತ್ತಿದ್ದದ್ದು ಇಳಿಯೋ ವಿಷಯ ಒಂದೇ. ಕೆಳಗೆ ಒಬ್ಬರು ಬೇಕು ಅನ್ನೋದು ತಲೆಗೆ ಬರಲೇ ಇಲ್ಲ.' ಅವರನ್ನು ಯಾರೂ ಬೈಯಲಿಲ್ಲ. ಬೈಯಲು ನಮಗೆ ಬಾಯಿ ಎಲ್ಲಿತ್ತು?

ಮಂದಕ್ಕ ಬಗ್ಗಿ ಬೆರಳಲ್ಲಿ ಎಣ್ಣೆ ತೆಗೆದುಕೊಂಡು ತನ್ನ ನೆತ್ತಿಗೆ ಹಚ್ಚಿಕೊಂಡಳು, ಮಲ್ಲಿಗೆಯ ಪಕ್ಕದಲ್ಲಿ. 

ಕ್ಯಾಪ್ಟನ್ನರು ಹೊರಟು ನಿಂತಾಗ ಅವಳು ಟ್ರಂಕನ್ನೇ ಅವರ ಮುಂದಿಟ್ಟಳು, ಟೋಪಿ, ಕನ್ನಡಕ, ನಕಾಶೆ ಎಲ್ಲ ಸಮೇತ. ಅವರು ಮುಟ್ಟಲಿಲ್ಲ. ಊರಿಗೆ ಹೋದ ಮೇಲೆ ಮನೆಯ ಸಾಮಾನೆಲ್ಲ ಯಾರಿಗೋ ಕೊಟ್ಟುಬಿಟ್ಟರಂತೆ, ಹೆಂಡತಿಗೆ ಓಡಾಡಲು ಜಾಗವಾಯಿತಂತೆ.

ಆ ವರ್ಷವಿಡೀ ನಮ್ಮ ಊರಿನಲ್ಲಿ ಹಾಲು ಉಕ್ಕಿ ಒಲೆಗೆ ಸುರಿಯಿತು. ಅನ್ನ ಸೀಯಿತು. ಮಕ್ಕಳು ನಿದ್ದೆ ಬಾರದೆ ರಚ್ಚೆ ಹಿಡಿದವು. ಆಮೇಲೆ ಒಬ್ಬೊಬ್ಬರಾಗಿ ಗೋಡೆಗೆ ಗಡಿಯಾರ ತಂದು ಹಾಕಿದರು. ಬಯಲಿನಲ್ಲಿ ಮಾತ್ರ ಯಾರೂ ಮತ್ತೆ ಕಲ್ಲಿನ ಮೇಲೆ ಕಲ್ಲಿಡಲಿಲ್ಲ. ನನ್ನ ಅಂಗಡಿಯನ್ನು ಹತ್ತಿ ಗಿರಣಿಯ ಪಕ್ಕಕ್ಕೆ ಹಾಕಿದ್ದೇನೆ. ಅಲ್ಲಿಂದ ಬಯಲು ಪೂರ್ತಿ ಕಾಣುತ್ತದೆ.

ಮಂದಕ್ಕ ದಿನವೂ ಸಂಜೆ ಬರುತ್ತಾಳೆ. ಗವಸು ತೊಟ್ಟುಕೊಂಡು, ಬಯಲಿನ ನಟ್ಟನಡುವೆ, ಎಣ್ಣೆಯ ಕಲೆ ಇದ್ದಲ್ಲಿ ನಿಲ್ಲುತ್ತಾಳೆ. ಕೈ ಬೀಸುವುದಿಲ್ಲ. ಮೊನ್ನೆ ನಾನೇ ಚಹಾ ಒಯ್ದು ಕೊಟ್ಟು, 'ಅಕ್ಕಾ, ಒಂದೀಟು ಬದಿಗೆ ನಿಲ್ಲಬಾರದಾ? ಅಕಸ್ಮಾತ್ ಬಂದ್ರ...' ಎಂದೆ.

ಅವಳು ಎಡಗೈಯಿಂದ ಲೋಟ ಇಸಿದುಕೊಂಡು, ಮುಗಿಲಿನ ಕಡೆಗೆ ಒಮ್ಮೆ ನೋಡಿದಳು.

'ಈಗ ಎಲ್ಲೆ ನಿಂತರೂ ಯಾರಿಗೂ ಅಡ್ಡ ಆಗೂದಿಲ್ಲ ಬಿಡೋ ತಮ್ಮಾ' ಎಂದಳು.